ಅವ್ವನ ಸೆರಗಿನ ಬೇಳೆ

ನವಲಗುಂದ
ತಾ. ೨೬-೪-೧೯೭೬, ಸೋಮವಾರ

ಪ್ರೀತಿಯ ಅಕ್ಕಾ,

ಇವತ್ತು ಬೆಳಿಗ್ಗೆ ಅವ್ವ ಒಗೆದು ಹಾಕಿದ ಇಳಕಲ್ ಸೀರೆ ಹಿತ್ತಲಿನ ಹಗ್ಗದ ಮೇಲೆ ಗಾಳಿಗೆ ಆಡುತ್ತಿತ್ತು. ಸೆರಗಿನ ಒಂದು ಮೂಲೆ ಮಾತ್ರ ಆಡುತ್ತಿರಲಿಲ್ಲ. ಹತ್ತಿರ ಹೋಗಿ ನೋಡಿದೆ. ಆರು ದಿನ ಗಂಟು ಹಾಕಿಟ್ಟಿದ್ದ ಜಾಗ. ಒಗೆದರೂ ಬಿಚ್ಚಿಕೊಂಡಿಲ್ಲ, ಸುಕ್ಕು ಹಾಗೇ ಮುದುಡಿ ಕೂತಿದೆ. ಗಂಟು ಮಾತ್ರ ಇಲ್ಲ. ಅದರಲ್ಲಿ ಏನಿತ್ತು, ಅದೀಗ ಎಲ್ಲಿದೆ ಎಂಬುದನ್ನು ಹೇಳುವುದಕ್ಕೇ ಕೂತಿದ್ದೇನೆ. ಆದರೆ ಮೊದಲು ನಿನ್ನ ಸುದ್ದಿ.

ಕಾಲಿನ ಬಾವು ಇಳಿಯಿತೆ? ಮಗ್ಗುಲಾಗಿ ಮಲಗಿದರೆ ನಿದ್ದೆ ಬರುತ್ತಿದೆಯೆ? ಸೊಲ್ಲಾಪುರದ ಬಿಸಿಲು ನಮ್ಮ ಬಿಸಿಲಿಗಿಂತ ಕೆಟ್ಟದ್ದು ಎಂದು ಅವ್ವ ದಿನಕ್ಕೆ ಎರಡು ಸಲ ಹೇಳುತ್ತಾಳೆ, ಅಲ್ಲೇ ಹುಟ್ಟಿ ಬೆಳೆದವಳ ಹಾಗೆ. ಮಜ್ಜಿಗೆ ಕುಡಿಯಬೇಕಂತೆ, ಕೊಡ ಎತ್ತಬಾರದಂತೆ, ಹೊಸ್ತಿಲ ಮೇಲೆ ಕೂರಬಾರದಂತೆ. ನಿನಗೆ ಆರು ತುಂಬಿ ಏಳಕ್ಕೆ ಬಿತ್ತೆಂದು ದೇವರ ಗೂಡಿನ ಪಕ್ಕದ ಗೋಡೆಗೆ ಸುಣ್ಣದ ಬೊಟ್ಟು ಇಟ್ಟಿದ್ದಾಳೆ, ತಿಂಗಳಿಗೊಂದು. ಮುಂದಿನ ತಿಂಗಳು ಈ ಗೋಡೆಯನ್ನು ಬಿಟ್ಟು ಹೋಗಬೇಕಲ್ಲ ಎಂಬುದು ನೆನಪಾದಾಗ ಆ ಬೊಟ್ಟುಗಳನ್ನು ಎಣಿಸಿ ಬಾಯಿಪಾಠ ಮಾಡಿಕೊಳ್ಳುತ್ತಾಳೆ. ಭಾವನವರ ಕೆಮ್ಮು ಹೇಗಿದೆ? ನಿನ್ನ ಅತ್ತೆಯವರು ಸುಖವಾಗಿದ್ದಾರೆಯೆ? ಸುಖವಾಗಿದ್ದರೂ ಈ ಪತ್ರವನ್ನು ಅವರ ಮುಂದೆ ಓದಬೇಡ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ನಿನ್ನ ಕಾರ್ಡು ಹೋದ ತಿಂಗಳು ಬಂದಾಗ ಅಪ್ಪ ಅದನ್ನು ಗಟ್ಟಿಯಾಗಿ ಓದಿದರು. ಕೊನೆಯ ಸಾಲಿಗೆ ಬಂದು ನಿಂತರು. ‘ಜೂನಿಗೆ ನಾನು ಯಾವ ಊರಿಗೆ ಬರಲಿ?’ ಎಂದು ಬರೆದಿದ್ದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ನಿನ್ನ ಅತ್ತೆ ನೆರೆಮನೆಯವರ ಮುಂದೆ ‘ನಮ್ಮ ಸೊಸಿದು ಸರಕಾರಿ ತವರ್ರಿ, ವರ್ಗ ಆದಲ್ಲೆ ತವರು’ ಅಂದದ್ದನ್ನೂ ಬರೆದಿದ್ದೆ. ನೀನು ಅದನ್ನು ನಗೆಗೆ ಬರೆದಿರಬೇಕು. ಅಪ್ಪ ನಗಲಿಲ್ಲ. ಕಾರ್ಡನ್ನು ಕನ್ನಡಕದ ಡಬ್ಬಿಯೊಳಗೆ ಮಡಚಿಟ್ಟರು. ಮೇ ಮೂವತ್ತೊಂದಕ್ಕೆ ಅವರ ನೌಕರಿ ಮುಗಿಯುತ್ತದೆ. ಜೂನ್ ಒಂದಕ್ಕೆ ಹೊಸ ಹೆಡ್ ಮಾಸ್ತರರು ಈ ಮನೆಗೆ ಬರುತ್ತಾರೆ. ಇದೇ ಊರಲ್ಲಿ ಬೇರೆ ಮನೆ ಹಿಡಿಯೋಣವೆಂದು ಅವ್ವ ಅಂದರೆ ಅಪ್ಪ ಒಪ್ಪಲಿಲ್ಲ. ‘ಹಳೇ ಹೆಡ್ ಮಾಸ್ತರ ಊರಾಗಽ ಕುಂತರ ಹೊಸಬನ ಮಾತು ಯಾರು ಕೇಳ್ತಾರ?’ ಎಂಬುದು ಅವರ ನ್ಯಾಯ. ಹೀಗಾಗಿ, ಮೊದಲ ಹೆರಿಗೆಗೆ ಮಗಳನ್ನು ಕರೆತರಬೇಕಾದ ತಂದೆ-ತಾಯಿ, ಯಾವ ಊರಿಗೆ ಕರೆತರಬೇಕೆಂಬುದನ್ನು ಹುಡುಕಲು ಶಾಲೆಯ ಸೂಟಿಯಲ್ಲಿ ಬಸ್ಸು ಹತ್ತಿದರು. ಸಾಮಾನಿನ ಜೊತೆ ಸಾಮಾನಾಗಿ ನಾನೂ ಹೋದೆ.

ಹೊರಡುವ ಮುಂಜಾನೆ ಅವ್ವ ಡಬ್ಬಿಯಿಂದ ನಾಲ್ಕು ಮುಷ್ಟಿ ತೊಗರಿಬೇಳೆ ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡಳು. ನಿನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ನೆನಪಾದರೆ ಹಿತವಾಗುತ್ತದೆ. ಎಷ್ಟು ವರ್ಗ ನೋಡಿದೆವು ಅಕ್ಕಾ, ಎಂಟು ಊರು! ಚಕ್ಕಡಿಯಲ್ಲಿ ಬೀಸುವ ಕಲ್ಲು ಎಲ್ಲಕ್ಕಿಂತ ಮೊದಲು ಏರುತ್ತಿತ್ತು. ನಿನ್ನ ಮಡಿಲಲ್ಲಿ ಕಂದೀಲು, ನನ್ನ ಮಡಿಲಲ್ಲಿ ಉಪ್ಪಿನಕಾಯಿ ಭರಣಿ. ಹೊಸ ಊರಿನ ಹೊಸ ಮನೆಯಲ್ಲಿ ಹಾಸಿಗೆ ಬಿಚ್ಚುವ ಮೊದಲೇ ಅವ್ವ ಮೂರು ಕಲ್ಲು ಹೂಡಿ, ಆ ಊರಿನ ನೀರಿನಲ್ಲಿ ಒಂದು ಮುಷ್ಟಿ ಬೇಳೆ ಬೇಯಲು ಇಡುತ್ತಿದ್ದಳು. ನಾವಿಬ್ಬರೂ ಹೊಸ್ತಿಲಲ್ಲಿ ಕೂತು ಕಾಯುತ್ತಿದ್ದೆವು. ಒಂದು ಕಾಳು ತೆಗೆದು ಎರಡು ಬೆರಳ ನಡುವೆ ಹಿಸುಕುತ್ತಿದ್ದಳು. ಮೆತ್ತಗಾಗಿದ್ದರೆ ‘ಊರು ಛಲೋ ಐತಿ’ ಎನ್ನುವಳು. ಇಲ್ಲದಿದ್ದರೆ ಏನೂ ಅನ್ನುತ್ತಿರಲಿಲ್ಲ. ನಾನು ಹುಟ್ಟಿದ ಊರಿನಲ್ಲಿ ನೀರು ಸವಳು, ಬೆಳಿಗ್ಗೆ ಇಟ್ಟ ಬೇಳೆ ಮಧ್ಯಾಹ್ನವಾದರೂ ಕಲ್ಲಿನಂತೆ ಇರುತ್ತಿತ್ತಂತೆ. ಅಲ್ಲಿ ಅವ್ವನಿಗೆ ಹಾಲು ಇಳಿಯಲಿಲ್ಲ, ನಾನು ಕಡ್ಡಿಯಂತಿದ್ದೆ, ಐದು ವರ್ಷದ ನೀನು ಅಪ್ಪನ ಹಿಂದೆ ಎರಡು ಮೈಲು ನಡೆದು ಚರಗಿಯಲ್ಲಿ ಸಿಹಿನೀರು ತರುತ್ತಿದ್ದೆ. ನೀನೇ ಎಷ್ಟು ಸಲ ಹೇಳಿ ನನ್ನ ಮೇಲೆ ಉಪಕಾರ ಹೊರಿಸಿದ್ದೀಯಲ್ಲ. ಅಂದಿನಿಂದ ಅವ್ವನದು ಒಂದೇ ಮಾತು, ಬೇಳೆ ಬೇಯದ ನೀರಿನಲ್ಲಿ ಬಾಣಂತನ ಮಾಡಬಾರದು.

ಮೊದಲು ಶಲವಡಿಗೆ ಹೋದೆವು, ದೊಡ್ಡಪ್ಪನ ಮನೆಗೆ. ಬಸ್ಸು ಇಳಿದ ಕೂಡಲೇ ಅಪ್ಪ ಬೇರೆ ಮನುಷ್ಯರಾದರು. ಎರೆಮಣ್ಣಿನ ಬಯಲು ಬಿಸಿಲಿಗೆ ಅಂಗೈ ಅಗಲ ಬಿರಿದು ಬಿದ್ದಿತ್ತು, ನೋಡಲಿಕ್ಕೆ ಏನೂ ಇರಲಿಲ್ಲ. ಅಪ್ಪ ಮಾತ್ರ ಹೆಜ್ಜೆಹೆಜ್ಜೆಗೆ ನಿಂತು, ಇಲ್ಲಿ ತಾವು ಬಿದ್ದು ಮೊಣಕಾಲು ಒಡೆದುಕೊಂಡದ್ದು, ಇಲ್ಲಿ ಹಸಿ ಕಡಲೆಗಿಡ ಕದ್ದದ್ದು ಎಂದು ತೋರಿಸುತ್ತ ನಡೆದರು. ಕಳವಿನ ವಿಷಯವನ್ನು ಇಷ್ಟು ಸಂತೋಷದಿಂದ ಹೇಳುವ ಹೆಡ್ ಮಾಸ್ತರರನ್ನು ನಾನು ನೋಡಿರಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ ‘ಯಾರು, ಈರ್ಯಾ ಏನು? ಎಷ್ಟ ಮುದುಕಾಗಿಯೋ ಹುಚ್ಚಪ್ಯಾಲಿ!’ ಅಂದಳು. ಮೂವತ್ತೈದು ವರ್ಷದಿಂದ ಎಲ್ಲರೂ ಗುರುಗಳೇ, ಮಾಸ್ತರೇ, ಸರ್ ಎಂದದ್ದನ್ನಷ್ಟೇ ಕೇಳಿದವರು ಅವರು. ಅವ್ವ ಕೂಡ ಹೆಸರು ಹಿಡಿದು ಕರೆಯುವುದಿಲ್ಲ. ಅಪ್ಪ ಆ ಮುದುಕಿಯ ಕಾಲು ಮುಟ್ಟಿ ನಮಸ್ಕರಿಸಿ, ಎದ್ದು ಟೊಪ್ಪಿಗೆ ಸರಿಮಾಡಿಕೊಳ್ಳುವ ನೆವದಲ್ಲಿ ಕಣ್ಣು ಒರೆಸಿಕೊಂಡರು. ಆಗಲೇ ನನಗೆ ಗೊತ್ತಾಯಿತು, ಇವರು ಈ ಊರನ್ನು ಆರಿಸಿಬಿಟ್ಟರೆಂದು.

ದೊಡ್ಡಪ್ಪ ಮಡಿವಾಳೆಪ್ಪನವರು ನಿನಗೆ ಗೊತ್ತೇ ಇದ್ದಾರೆ, ಮಾತಾಡಿದರೆ ಎತ್ತು ಬೆದರುತ್ತವೆ. ‘ಬಾಜು ಕೋಣಿ ಹೊಟ್ಟು ತುಂಬಿದ್ನಿ. ನಾಳೆ ತೆಗಸ್ತೀನಿ. ಸುಣ್ಣಾ ಹಚ್ಚಿಸಿದ್ರ ಅರಮನಿ ಆಗತೈತಿ’ ಎಂದು ಅಂಗಳದಿಂದಲೇ ಸಾರಿದರು. ದೊಡ್ಡವ್ವ ಅವ್ವನ ಕೈ ಹಿಡಿದುಕೊಂಡು ಬಿಡಲಿಲ್ಲ. ಮೂವರು ಸೊಸೆಯಂದಿರು ಇದ್ದರೂ ಮೂವರೂ ಬೇರೆ ಒಲೆ ಹೂಡಿದ್ದಾರಂತೆ. ‘ನೀ ಬಾರವಾ, ಇಬ್ರೂ ಕೂಡಿ ರೊಟ್ಟಿ ಬಡಿಯೂಣು’ ಎಂದಳು. ಎಲ್ಲವೂ ಚೆನ್ನಾಗಿತ್ತು, ಅವ್ವ ಸೆರಗಿನ ಗಂಟು ಬಿಚ್ಚುವವರೆಗೆ. ನೆಂಟರ ಮನೆಗೆ ಸ್ವಂತ ಬೇಳೆ ಕಟ್ಟಿಕೊಂಡು ಬರುವುದು ಅವರಿಗೆ ಎಂಥ ಅವಮಾನವೆಂಬುದು ಅವ್ವನಿಗೆ ತಿಳಿಯದೆ ಇಲ್ಲ. ನಿನ್ನ ಚಿಂತೆಯಲ್ಲಿ ಮರೆತಿದ್ದಳು. ದೊಡ್ಡವ್ವನ ಮುಖ ಕಪ್ಪಿಟ್ಟಿತು. ‘ಏನವಾ ರೇವವ್ವಾ, ನಮ್ಮ ಮನ್ಯಾಗ ಬ್ಯಾಳಿಗೆ ಬರಾ ಬಂದೈತಂತ ಯಾರರ ಹೇಳಿದ್ರೇನು?’ ಅವ್ವ, ‘ಇಲ್ರಿ ಯಕ್ಕಾ, ನೀರ ನೋಡಾಕ... ಸಾವಿತ್ರಿ ಬಾಣಂತನ ಐತೆಲ್ಲ’ ಎಂದು ತೊದಲಿದಳು. ‘ನೀರ ನೋಡಾಕ? ಈ ನೀರ ಕುಡದಽ ನಿನ್ನ ಗಂಡ ಮಾಸ್ತರ ಆಗ್ಯಾನ! ಇಡು, ಇಲ್ಲೇ ನನ್ನ ಒಲಿ ಮ್ಯಾಲೇ ಇಡು. ಊರೆಲ್ಲಾ ನೋಡಲಿ!’

ಇಟ್ಟದ್ದಾಯಿತು. ಹತ್ತಿಯ ಕಟ್ಟಿಗೆ ಚಟಪಟ ಉರಿಯಿತು. ಕೆರೆ ತಳ ಕಂಡಿದ್ದರಿಂದ ಈಗ ಎಲ್ಲರೂ ಬಾವಿಯ ನೀರೇ ತರುತ್ತಾರೆ. ಒಂದು ಹೊರೆ ಕಟ್ಟಿಗೆ ಉರಿದರೂ ಬೇಳೆ ಗಡಿಗೆಯ ತಳದಲ್ಲಿ ಗಲಗಲ ಎನ್ನುತ್ತಲೇ ಇತ್ತು. ಅವ್ವ ಹಿಟ್ಟು ತರಲು ಹೊರಗೆ ಹೋದಳು. ನಾನು ಬಾಗಿಲ ಸಂದಿಯಲ್ಲಿ ಕೂತಿದ್ದೆ. ಮಾತಾಡದವಳು ಕೂತಿದ್ದಾಳೆಂಬುದೇ ಜನರಿಗೆ ಮರೆತುಹೋಗುತ್ತದೆ. ಹೀಗಾಗಿ ನಾನು ನೋಡಬಾರದ್ದನ್ನು ಬಹಳ ನೋಡಿದ್ದೇನೆ. ದೊಡ್ಡವ್ವ ಉಪ್ಪಿನ ಗಡಿಗೆಯ ಹಿಂದಿನಿಂದ ಕಾಗದದ ಪೊಟ್ಟಣ ತೆಗೆದು, ಒಂದು ಚಿಟಿಕೆ ಸೋಡಾಪುಡಿ ಗಡಿಗೆಗೆ ಹಾಕಿ, ಸೌಟಿನಿಂದ ಗರಗರ ತಿರುವಿದಳು. ತಿರುಗಿ ನೋಡಿದಾಗ ನಮ್ಮ ಕಣ್ಣು ಕೂಡಿದವು. ನಾನು ತಲೆ ತಗ್ಗಿಸಿದೆ. ಆಮೇಲೆ ಬೇಳೆ ಬೇಯಲು ಎಷ್ಟು ಹೊತ್ತು? ‘ನೋಡ್ರಿ, ಬೆಣ್ಣಿ ಆಗೇತಿ ಬೆಣ್ಣಿ!’ ಎಂದು ದೊಡ್ಡಪ್ಪ ಓಣಿಗೆಲ್ಲ ಕೇಳುವಂತೆ ಕೂಗಿದರು. ಅಪ್ಪನ ಮುಖ ಅರಳಿತು. ಊಟಕ್ಕೆ ಕೂತಾಗ ದೊಡ್ಡವ್ವ ನನಗೆ ಮಾತ್ರ ಎರಡು ಸಲ ತುಪ್ಪ ಬಡಿಸಿದಳು. ಅವ್ವ ಗಂಗಾಳದಲ್ಲಿನ ಆ ಕೆಂಪಗಿನ ಬೇಳೆಯನ್ನು ನೋಡಿದಳು, ಮೂಸಿದಳು, ಉಂಡಳು. ಮರುದಿನ ಬಸ್ಸಿನಲ್ಲಿ ಅಪ್ಪ ಮುಂದಿನ ಸೀಟಿನಲ್ಲಿದ್ದಾಗ ನನ್ನ ಕಿವಿಯಲ್ಲಿ, ‘ಸೋಡಾದ ಮ್ಯಾಲೆ ಬಾಣಂತನ ಮಾಡಾಕ ಬರೂದಿಲ್ಲವಾ. ಆದ್ರ ನಿಮ್ಮಪ್ಪಗ ಹೇಳಬ್ಯಾಡ, ಯಕ್ಕನ ಮಾನ ಹೋಗತೈತಿ’ ಅಂದಳು. ಅಕ್ಕಾ, ದೊಡ್ಡವ್ವ ಮೋಸ ಮಾಡಿದಳೆಂದು ನನಗೆ ಅನಿಸಲೇ ಇಲ್ಲ. ಎದುರು ಕೂತು ರೊಟ್ಟಿ ಬಡಿಯಲು ಒಬ್ಬರು ಬೇಕೆಂಬ ಆಸೆ ಒಂದು ಚಿಟಿಕೆಯಾಗಿ ಆ ಗಡಿಗೆಗೆ ಬಿತ್ತು, ಅಷ್ಟೇ.

ಅಲ್ಲಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಕಲಘಟಗಿ, ಕಲಘಟಗಿಯಿಂದ ಇನ್ನೊಂದು ಬಸ್ಸು ಹಿಡಿದು ದೇವಿಕೊಪ್ಪಕ್ಕೆ, ಸೋದರಮಾವನ ಮನೆಗೆ. ಹುಬ್ಬಳ್ಳಿ ದಾಟಿದ ಮೇಲೆ ಮಣ್ಣು ಕೆಂಪಾಗುತ್ತದೆ, ಬಸ್ಸಿನೊಳಗಿನ ಗಾಳಿಗೂ ನೆರಳಿನ ವಾಸನೆ ಬರುತ್ತದೆ. ನಾವು ಸಣ್ಣವರಿದ್ದಾಗ ಇಲ್ಲಿ ಸೂಟಿ ಕಳೆದದ್ದು ನೆನಪಿದೆಯೆ? ನೀನು ಹುಣಸೆಮರದಿಂದ ಬಿದ್ದು, ಬಿದ್ದವಳು ಗಂಗವ್ವ ಎಂದು ನನ್ನ ಹೆಸರು ಹೇಳಿ, ಇಬ್ಬರೂ ಏಟು ತಿಂದದ್ದು? ಆ ಮರ ಹಾಗೇ ಇದೆ. ಇಲ್ಲಿ ನೀರಿನ ಮಾತೇ ಇಲ್ಲ. ಅವ್ವ ಹುಟ್ಟಿ ಬೆಳೆದದ್ದು ಇದೇ ನೀರಿನಲ್ಲಿ. ಆದರೂ ಸೆರಗಿನ ಗಂಟು ಮಾವನ ಹೆಂಡತಿ ಅತ್ತಿಯ ಕಣ್ಣಿಗೆ ಬಿತ್ತು. ‘ಹೆಣ್ಣುಮಗಳು ತವರಿಂದ ಬ್ಯಾಳಿ ಒಯ್ಯೂದು ಕೇಳೀನಿ, ತವರಿಗೆ ತರೂದು ಇವತ್ತಽ ಕಂಡೆ’ ಎಂದು ನಕ್ಕು, ಗಂಟು ಬಿಚ್ಚಲು ಬಿಡಲೇ ಇಲ್ಲ. ಹಿಂದಿನ ಎರಡು ಕೋಣೆ ಬಿಟ್ಟುಕೊಡುತ್ತೇನೆಂದು ಮಾವ ಹೇಳಿದರು. ಅಪ್ಪ ಬಾಡಿಗೆಯ ಮಾತು ಎತ್ತಿದ್ದಕ್ಕೆ ಸಿಟ್ಟಾದರು. ‘ನಿಮ್ಮ ಬಾಡಗಿ ತಗೊಂಡು ನಾ ಎಲ್ಲಿ ಹೊರಲಿ ಮಾಸ್ತರ? ಗಂಗವ್ವನ್ನ ನಮ್ಮ ಈರಪ್ಪಗ ಕೊಡ್ರಿ. ಮನಿ ನಿಮ್ದಽ ಆತು.’ ನನ್ನನ್ನು ತಮ್ಮ ಮಗನಿಗೆ ಕೇಳಿದ್ದು, ಸೋದರಮಾವನ ಹಕ್ಕಿನ ಮಾತು. ನಗುನಗುತ್ತಲೇ ಅಂದರು, ಆದರೆ ನಗೆಗೆ ಅಂದದ್ದಲ್ಲ.

ಈರಪ್ಪ ಕೆಟ್ಟವನಾಗಿದ್ದರೆ ಈ ಪತ್ರ ಸುಲಭವಾಗಿರುತ್ತಿತ್ತು. ಅವನು ಬಹಳ ಒಳ್ಳೆಯವನು. ಸಂಜೆ ಮುತ್ತಲದ ಎಲೆಯ ದೊನ್ನೆಯಲ್ಲಿ ಕವಳಿಹಣ್ಣು ತಂದು ನನ್ನ ಪಕ್ಕದಲ್ಲಿಟ್ಟು, ದೂರ ನಿಂತು, ‘ಬಿ.ಎ. ಅಂದ್ರ ಏನೇನು ಓದಸ್ತಾರ?’ ಎಂದು ಕೇಳಿದ. ನಾನು ಉತ್ತರ ಕೊಡಬೇಕೆಂದು ನಿಜವಾಗಿಯೂ ಪ್ರಯತ್ನಿಸಿದೆ. ಅವನು ಬಹಳ ಹೊತ್ತು ಕಾದು, ‘ಇರ್ಲಿ ಬಿಡು’ ಎಂದು ಎತ್ತುಗಳಿಗೆ ನೀರು ಕುಡಿಸಲು ಹೋದ. ಆ ‘ಇರ್ಲಿ ಬಿಡು’ ಎಷ್ಟು ಮೆತ್ತಗಿತ್ತೆಂದರೆ, ಇಡೀ ಜನ್ಮ ಇವನು ಹೀಗೇ ಇರ್ಲಿ ಬಿಡು ಎನ್ನುತ್ತ ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ, ನಾನು ಇಡೀ ಜನ್ಮ ಒಂದು ಮಾತೂ ಆಡದೆ ಮುಗಿಸಬಹುದು ಎಂದು ಹೆದರಿಕೆಯಾಯಿತು. ದೊನ್ನೆ ಬೆಳಗಿನವರೆಗೂ ಹಾಗೇ ಇತ್ತು. ಅವ್ವ ಅದನ್ನು ನೋಡಿದಳು. ಹೊರಡುವಾಗ ಅತ್ತಿಯ ಮುಂದೆ ಅವ್ವ ‘ಹೇಳಿ ಕಳಸ್ತೀವಿ’ ಎಂದಷ್ಟೇ ಅಂದಳು.

ಇನ್ನು ಕಲಘಟಗಿ. ಅದು ನಮ್ಮ ಯಾದಿಯಲ್ಲೇ ಇರಲಿಲ್ಲ. ದೇವಿಕೊಪ್ಪದ ಬಸ್ಸು ತಡವಾಗಿ, ಹುಬ್ಬಳ್ಳಿಯ ಬಸ್ಸು ಕಣ್ಣೆದುರೇ ಹೋಯಿತು, ಮುಂದಿನದು ಸಂಜೆಗೆ. ಅಪ್ಪ ನೆನಪು ಮಾಡಿಕೊಂಡು, ‘ಇಲ್ಲೇ ಬಾಬಾಸಾಬ ಇರಬೇಕು ನೋಡು’ ಎಂದರು. ಅಪ್ಪನ ಮೊದಲ ನೌಕರಿಯ ಊರಿನಲ್ಲಿ ಜೊತೆಯ ಮಾಸ್ತರರಾಗಿದ್ದವರು. ಇಬ್ಬರೂ ಒಂದೇ ಕೋಣೆಯಲ್ಲಿ ಎರಡು ಒಲೆ ಹೂಡಿಕೊಂಡು ಇದ್ದ ಕಥೆ ಸಾವಿರ ಸಲ ಕೇಳಿದ್ದೇವಲ್ಲ, ಅವರೇ. ದಾರಿಯಲ್ಲಿ ಬಣ್ಣದ ತೊಟ್ಟಿಲು ಮಾಡುವವರ ಅಂಗಡಿ. ಕೆಂಪು, ಹಳದಿ, ಗಿಣಿ ಹಸಿರು, ಅರಗಿನ ಹೊಳಪು. ಅವ್ವ ನಿಂತಳು. ಬೆಲೆ ಕೇಳಲಿಲ್ಲ, ತೂಗಿಯೂ ನೋಡಲಿಲ್ಲ, ಖಾಲಿ ತೊಟ್ಟಿಲು ತೂಗಬಾರದಲ್ಲ. ಅಂಚನ್ನು ಒಂದು ಬೆರಳಿನಿಂದ ಮುಟ್ಟಿ, ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡು ಮುಂದೆ ನಡೆದಳು.

ಬಾಗಿಲು ತೆಗೆದವರೇ ಬಾಬಾಸಾಬ ಕಾಕಾ. ಬಿಳಿ ಗಡ್ಡ, ಎದೆಗೆ ಒತ್ತಿಹಿಡಿದ ಪೇಪರು. ಒಂದು ಕ್ಷಣ ನೋಡಿ, ‘ಲೇ ಈರಬಸ್ಯಾ! ಸತ್ತೀ ಅಂತ ಮಾಡಿದ್ನೆಲ್ಲೋ!’ ಎಂದು ಅಪ್ಪನನ್ನು ತಬ್ಬಿಕೊಂಡರು. ‘ನಿನ್ನ ಮಣ್ಣಿಗೆ ಬಂದಽ ಸಾಯ್ತೀನಿ ಬಿಡಲೇ’ ಎಂದು ಅಪ್ಪ ಅಂದರು, ನಮ್ಮ ಅಪ್ಪ! ಶಲವಡಿಯ ಮುದುಕಿಯ ಮುಂದೆ ಕಂಡ ಅದೇ ಮುಖ ಇಲ್ಲೂ ಕಂಡಿತು. ಇದನ್ನು ನೆನಪಿನಲ್ಲಿಟ್ಟುಕೋ, ಮುಂದೆ ಬೇಕಾಗುತ್ತದೆ.

ಜಮಾಲಬಿ ಕಾಕು ನಮ್ಮನ್ನು ನೇರವಾಗಿ ಹಿಂದಿನ ಎರಡು ಕೋಣೆಗಳಿಗೆ ಕರೆದೊಯ್ದರು. ಬಾಡಿಗೆಯವರು ಬಿಟ್ಟುಹೋಗಿ ಖಾಲಿ ಇದ್ದವು. ಬೇರೆ ಬಾಗಿಲು, ಮುಂದೆ ಬಾವಿ, ಬಾವಿಯ ಪಕ್ಕ ಒಂದು ಪೇರಲಗಿಡ. ನಾವು ಲಿಂಗ ಕಟ್ಟಿದವರು ತಮ್ಮ ಒಲೆಯದ್ದು ಉಣ್ಣುವುದಿಲ್ಲವೆಂದು ಅವರೇ ತಿಳಿದು, ಕೇಳುವ ಮೊದಲೇ ಒಂದು ಮೊರದಲ್ಲಿ ಶಿಧಾ ತಂದಿಟ್ಟರು: ಅಕ್ಕಿ, ಬೆಲ್ಲ, ಮೆಣಸಿನಕಾಯಿ, ಉಪ್ಪು, ಒಂದು ಹೊಸ ಗಡಿಗೆ, ಸೀಳಿದ ಕಟ್ಟಿಗೆ. ‘ಬ್ಯಾಳಿ ಸುರುವಿ ತರ್ತೀನಿ’ ಎಂದು ತಿರುಗಿದರು. ಆಗ ಅವ್ವ ಬಹಳ ಸಂಕೋಚದಿಂದ, ‘ಬ್ಯಾಳಿ ನನ್ನ ಹತ್ರ ಐತ್ರಿ’ ಎಂದು ಸೆರಗು ತೋರಿಸಿದಳು. ಇನ್ನೇನು ಬೈಗುಳ ಬರುತ್ತದೋ ಎಂದು ನಾನು ಉಸಿರು ಹಿಡಿದೆ. ಕಾಕು ಗಂಟನ್ನು ನೋಡಿದರು, ಬಾವಿಯನ್ನು ನೋಡಿದರು, ನಕ್ಕುಬಿಟ್ಟರು. ‘ನೀರು ಪರೀಕ್ಷಾ ಮಾಡಾಕ ತಂದೀರೆಲ್ಲ? ನಾ ಲಗ್ನಾಗಿ ಈ ಊರಿಗೆ ಬಂದಾಗ ನಮ್ಮ ಅಮ್ಮಾ ಹಿಂಗಽ ಕಟ್ಟಿ ಕಳಿಸಿದ್ರು. ಇಡ್ರಿ, ಇಡ್ರಿ. ನಾನೂ ಕುಂತು ನೋಡ್ತೀನಿ.’ ಆರು ದಿನದಲ್ಲಿ ಅವ್ವ ತಲೆ ಎತ್ತಿ ತನ್ನ ಬೇಳೆಯನ್ನು ತಾನು ಬೇಯಿಸಿದ್ದು ಅಲ್ಲೊಂದೇ. ರಕ್ತಸಂಬಂಧದ ಮನೆಗಳಲ್ಲಿ ತಪ್ಪಾದದ್ದು ಅಲ್ಲಿ ಪದ್ಧತಿಯಾಗಿತ್ತು.

ನಾನೇ ನೀರು ಸೇದಿದೆ. ಕಟ್ಟಿಗೆಯನ್ನು ಇನ್ನೊಮ್ಮೆ ಮುಂದಕ್ಕೆ ನೂಕುವ ಹೊತ್ತಿಗೆ ಬೇಳೆ ಅರಳಿತ್ತು. ಅವ್ವ ಒಂದು ಕಾಳನ್ನು ಹಿಸುಕಿ ನನ್ನ ಅಂಗೈ ಮೇಲೆ ಸವರಿದಳು. ನಾವು ಒಳಗೆ ಕೂತು ಉಂಡೆವು. ಕಾಕು ಹೊಸ್ತಿಲಾಚೆ ಕೂತು ಬೀಸಣಿಕೆ ಬೀಸುತ್ತ, ಅವ್ವ ಕೊಟ್ಟ ಬೇಳೆಯನ್ನು ಬಟ್ಟಲಿನಲ್ಲಿ ಕಲಸಿ ತಿನ್ನುತ್ತ, ನಿನ್ನ ತಿಂಗಳೆಷ್ಟು, ಕಾಲು ಬಾತಿದೆಯೆ ಎಂದು ಎಲ್ಲ ಕೇಳಿದರು. ನಾಲ್ಕು ಮನೆ ಆಚೆ ಸೂಲಗಿತ್ತಿ ಇದ್ದಾಳಂತೆ, ದವಾಖಾನೆಯೂ ದೂರವಿಲ್ಲ. ಆಮೇಲೆ ಅವರು ಗಂಡಸರಿಗೆ ಚಹಾ ತಂದರು. ಒಂದು ಕಪ್ಪು ಅವ್ವನ ಮುಂದೆಯೂ ಇಟ್ಟು, ಇಟ್ಟ ಮೇಲೆ ನಾಲಿಗೆ ಕಚ್ಚಿಕೊಂಡು ಕೈ ಹಿಂದಕ್ಕೆ ತೆಗೆದರು. ಅವ್ವ ಆ ಕಪ್ಪನ್ನು ನೋಡಿದಳು. ಎತ್ತಿ ಕುಡಿದಳು. ಅಷ್ಟೇ ಬರೆಯುತ್ತೇನೆ. ನಿನ್ನ ಅತ್ತೆಯವರ ಮುಂದೆ ಓದಬೇಡ ಎಂದದ್ದು ಇದಕ್ಕೇ.

ಚಹಾ ಕುಡಿಯುವಾಗ ಬಾಬಾಸಾಬ ಕಾಕಾ ನನ್ನ ಓದಿನ ಬಗ್ಗೆ ವಿಚಾರಿಸಿದರು. ಅಲ್ಲಿನ ಹುಡುಗಿಯರ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ಬಾಯಿಯವರು ಮದುವೆಯಾಗಿ ಹೋದರಂತೆ. ‘ಜೂನ್‌ಕ್ಕ ಒಬ್ರು ಬೇಕು. ಸದ್ಯ ಬಿ.ಎ. ಸಾಕು, ಬಿ.ಎಡ್. ಆಮ್ಯಾಲೆ ಮಾಡ್ಕೊಂಡ್ರಾತು. ಏನವಾ, ಅರ್ಜಿ ಹಾಕ್ತೀಯೇನು?’ ನಾನು ಕಾಲುಂಗುಟ ನೋಡುತ್ತ ಕೂತೆ. ಅಪ್ಪ ನನ್ನ ಪರವಾಗಿ, ‘ಆಕಿ ಮಾತು ಕಡಿಮಿ ಬಾಬಾಸಾಬ. ಮಂದಿ ಮುಂದ ನಿಂದ್ರೂ ಹುಡಿಗಿ ಅಲ್ಲ’ ಅಂದರು. ಬೇಸರಕ್ಕೆ ಅಂದದ್ದಲ್ಲ, ನನ್ನನ್ನು ಕಾಪಾಡಲು ಅಂದದ್ದು. ಆಗ ಜಮಾಲಬಿ ಕಾಕು, ‘ಮಾತು ಕಡಿಮಿ ಇದ್ದವರಽ ಮಾಸ್ತರ ಆಗಬೇಕ್ರಿ. ನಿಮ್ಮಂಥಾ ಮಾತಗಾರ ಮಾಸ್ತರ ಕೂಡ ಬಾಳ್ವೆ ಮಾಡಿ ನಾವಿಬ್ರೂ ಕಿವಿ ಕಳಕೊಂಡೀವಿ’ ಅಂದರು. ಅವ್ವ ಬಾಯಿಗೆ ಸೆರಗು ಒತ್ತಿ ಎಷ್ಟು ನಕ್ಕಳೆಂದರೆ ಕಣ್ಣಲ್ಲಿ ನೀರು ಬಂತು.

ಬಸ್ಸಿಗೆ ಹೊರಟು ಅರ್ಧ ದಾರಿಗೆ ಬಂದಾಗ ಅವ್ವ ‘ತಂಬಿಗಿ ಮರತೆ’ ಎಂದು ಹಿಂತಿರುಗಿದಳು. ತಂಬಿಗೆ ನನ್ನ ಕೈಯಲ್ಲೇ ಇತ್ತು. ನಾನು ಹಿಂದೆಯೇ ಹೋದೆ. ಆ ಹಿಂದಿನ ಕೋಣೆಯಲ್ಲಿ ಅವ್ವ ಸೆರಗಿನ ಗಂಟು ಬಿಚ್ಚಿ, ಉಳಿದ ಬೇಳೆಯನ್ನೆಲ್ಲ ತೊಳೆದು ಒರೆಸಿದ ಆ ಹೊಸ ಗಡಿಗೆಗೆ ಸುರುವಿ, ಗೋಡೆಯ ಗೂಡಿನಲ್ಲಿಟ್ಟು, ಮೇಲೆ ಒಂದು ಹಂಚು ಮುಚ್ಚಿದಳು. ನನ್ನನ್ನು ಕಂಡು ಬೆಚ್ಚಲಿಲ್ಲ. ‘ದೇವಿಕೊಪ್ಪದಾಗೂ ನೀರು ಛಲೋ ಐತಿ. ಆದ್ರ ಒಬ್ಬ ಮಗಳ ಬಾಣಂತನಕ್ಕ ಇನ್ನೊಬ್ಬ ಮಗಳನ್ನ ಬಾಡಗಿ ಕೊಡಾಕ ಬರೂದಿಲ್ಲ’ ಎಂದಳು. ಮತ್ತೆ, ‘ನಾ ಬಾಯಿ ತೆಗದ್ರ ಯಕ್ಕನ ಸೋಡಾ ಹೊರಗ ಬೀಳತೈತಿ. ನಾ ಹೇಳಾಂಗಿಲ್ಲ’ ಎಂದು ಸೆರಗು ಜಾಡಿಸಿಕೊಂಡು ಹೊರಟಳು.

ಮನೆಗೆ ಬಂದ ಮೇಲೆ ಅಪ್ಪ ನಿರ್ಧಾರ ಹೇಳಿದರು: ಶಲವಡಿ. ‘ಹುಟ್ಟಿದೂರು, ಅಣ್ಣ ಅದಾನ, ಬ್ಯಾಳೀನೂ ಬೆಂತಲ್ಲ!’ ಎಂದು ಅವ್ವನತ್ತ ನೋಡಿ ನಕ್ಕರು. ಬರುವ ಭಾನುವಾರ ಬಸವ ಜಯಂತಿ. ಅವತ್ತು ಇಲ್ಲಿಂದ ಶಲವಡಿಗೆ ಹೋಗುವವರ ಕೈಯಲ್ಲಿ ಹೊಟ್ಟು ತೆಗೆಸಲು, ಚಕ್ಕಡಿ ಕಳಿಸಲು ಹೇಳಿ ಕಳಿಸುತ್ತಾರಂತೆ. ಹೇಳಿ ಕಳಿಸಿದರೆ ಮುಗಿಯಿತು. ಅಪ್ಪ ಕೊಟ್ಟ ಮಾತನ್ನು ಹಿಂದೆ ತೆಗೆದುಕೊಳ್ಳುವವರಲ್ಲ. ಅದಕ್ಕೇ ಅಕ್ಕಾ, ನಿನ್ನಿಂದ ಒಂದು ಕೆಲಸವಾಗಬೇಕು. ಸಣ್ಣವಳಿದ್ದಾಗ ನನ್ನ ಮಾತನ್ನೆಲ್ಲ ನೀನೇ ಆಡುತ್ತಿದ್ದೆ. ನನಗೆ ಪಾಟಿ ಬೇಕೆಂದು ಅಪ್ಪನಿಗೆ ಹೇಳಿದವಳು ನೀನು, ಧಾರವಾಡದ ಕಾಲೇಜಿಗೆ ಕಳಿಸಿರೆಂದು ಮೂರು ದಿನ ಊಟ ಬಿಟ್ಟವಳು ನೀನು. ನಾನು ಬಾಗಿಲ ಸಂದಿಯಲ್ಲಿ ಕೂತಿದ್ದೆ. ಈಗಲೂ ಒಂದು ಕಾರ್ಡು ಬರೆ, ಈ ಪತ್ರ ಕೈಗೆ ಬಂದ ದಿನವೇ. ಬಾಣಂತನಕ್ಕೆ ಕಲಘಟಗಿಯೇ ಅನುಕೂಲವೆಂದು ಬರೆ, ದವಾಖಾನೆಯ ನೆವ ಹೇಳು, ಸೋಡಾದ ಮಾತು ಬೇಡ. ನೀನು ಬರೆದರೆ ಅಪ್ಪ ಕೇಳುತ್ತಾರೆ.

ಭಾವನವರಿಗೆ, ನಿನ್ನ ಅತ್ತೆ-ಮಾವಂದಿರಿಗೆ ನನ್ನ ನಮಸ್ಕಾರ ತಿಳಿಸು. ಅವ್ವ ಒಲೆಯ ಮುಂದಿನಿಂದಲೇ, ಬಸವಣ್ಣ ಕಾಯಲಿ, ಎಡಮಗ್ಗುಲಿಗೇ ಮಲಗಲಿ ಎಂದು ಬರೆಯಲು ಹೇಳುತ್ತಿದ್ದಾಳೆ. ಹೊಟ್ಟೆಯೊಳಗಿನ ಮಂದಿಗೆ ಚಿಗವ್ವನ ಮುತ್ತು.

ನಿನ್ನ ತಂಗಿ,
ಶಿವಗಂಗಾ

ತಾ.ಕ.: ಅಕ್ಕಾ, ಮೇಲೆ ಕೇಳಿದ ಕಾರ್ಡು ಬರೆಯಬೇಡ. ಲಕೋಟೆ ಅಂಟಿಸುವ ಮೊದಲು ಅಪ್ಪನ ಕೀಲಿ ತೆಗೆದುಕೊಂಡು ಶಾಲೆಗೆ ಹೋದೆ. ಸೂಟಿಯಲ್ಲವೆ, ಏಳನೆಯ ವರ್ಗದಲ್ಲಿ ಗುಬ್ಬಿ ಬಿಟ್ಟರೆ ಯಾರೂ ಇರಲಿಲ್ಲ. ಹಲಗೆಯ ಮುಂದೆ ನಿಂತು, ತವರಿನ ಮೇಲಿನ ಒಂದು ತ್ರಿಪದಿಯ ಅರ್ಥ ಹೇಳಲು ಶುರುಮಾಡಿದೆ. ಖಾಲಿ ಬೆಂಚುಗಳಿಗೂ ಹೆದರಿ ಎರಡು ಸಲ ನಿಲ್ಲಿಸಿದೆ. ಮೂರನೆಯ ಸಲ ತಲೆ ಎತ್ತಿದರೆ ಕೊನೆಯ ಬೆಂಚಿನ ಮೇಲೆ ಅವ್ವ ಕೂತಿದ್ದಾಳೆ, ಮಡಿಲಲ್ಲಿ ಹಸಿಮೆಣಸಿನಕಾಯಿ, ತೊಟ್ಟು ಮುರಿಯುತ್ತ. ಯಾವಾಗ ಬಂದಳೋ. ‘ಹಿಂದ ಕೇಳವಲ್ದು. ಇನ್ನಷ್ಟು ಜೋರ’ ಅಂದಳು. ಇನ್ನಷ್ಟು ಜೋರಾಗಿ ಹೇಳಿದೆ. ಅರ್ಜಿ ಬರೆದು ಬಾಬಾಸಾಬ ಕಾಕಾರ ಹೆಸರಿನ ಲಕೋಟೆಗೆ ಹಾಕಿದ್ದೇನೆ. ಈ ಪತ್ರದ ಜೊತೆಗೇ ನಾಲ್ಕರ ಟಪಾಲಿಗೆ ಹೋಗುತ್ತದೆ. ಸಂಜೆ ಅಪ್ಪ ಕೆರೆಯ ಕಡೆ ತಿರುಗಾಡಲು ಹೋಗುವಾಗ ಜೊತೆಗೆ ಹೋಗುತ್ತೇನೆ. ಸೋಡಾದ ಸುದ್ದಿ ಹೇಳುವುದಿಲ್ಲ. ಶಲವಡಿ ಬೇಡವೆಂದೂ ಹೇಳುವುದಿಲ್ಲ. ಹಬ್ಬಕ್ಕೆ, ರೊಟ್ಟಿಗೆ, ಆ ಮುದುಕಿಗೆ ಶಲವಡಿ ಇದ್ದೇ ಇರುತ್ತದೆ. ನನಗೆ ಕಲಘಟಗಿಯಲ್ಲಿ ಕೆಲಸ ಮಾಡಬೇಕೆಂದಿದೆ, ಅಲ್ಲಿ ನಿಮಗೆ ಲೇ ಎನ್ನುವವರು ಒಬ್ಬರಿದ್ದಾರೆ, ಜೊತೆಗೆ ಬರ್ರಿ ಎಂದು ನಾನೇ ಕೇಳುತ್ತೇನೆ. ಕೆರೆಯ ದಂಡೆ ಬರುವುದರೊಳಗೆ ಹೇಳಿ ಮುಗಿಸುತ್ತೇನೆ. ನಿನ್ನ ಅತ್ತೆಯವರು ತವರೂರಿನ ಮಾತು ಮತ್ತೆ ಎತ್ತಿದರೆ, ಆಮೇಲೆ ಹೇಳುತ್ತೇನೆ ಎನ್ನಬೇಡ, ಹೆಸರು ಹೇಳಿಬಿಡು. ಬೇಳೆ ಅಲ್ಲಿ ಗೂಡಿನಲ್ಲಿದೆ.